ಮೂರು ಬಾಟಲಿ ರಕ್ತ, ಎರಡು ಸೇರು ಉಪ್ಪು

ಈ ತಪ್ಪಿಗೆ ಸಾಕ್ಷಿಯಾಗಿದ್ದವರು ಯಾರೂ ಈಗ ಉಳಿದಿಲ್ಲ. ಅವರೆಲ್ಲ ಹೋಗಲಿ ಎಂದೇ ಇಷ್ಟು ದಿನ ಸುಮ್ಮನಿದ್ದೆನೇನೋ ಎಂಬ ಅನುಮಾನ ನನಗೇ ಇದೆ. ಅದನ್ನೂ ನನ್ನ ತಪ್ಪಿನ ಜೊತೆಗೇ ಸೇರಿಸಿಕೊಳ್ಳಿ.

ಐವತ್ತರ ದಶಕದಲ್ಲಿ ನಾನು ನಾಗಪುರ ಸ್ಟೇಷನ್ನಿನ ಪಾರ್ಸಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಧಾರವಾಡದ ಕಡೆಯಿಂದ ಮೆಟ್ರಿಕ್ ಮುಗಿಸಿ ಬಂದವನು. ನಮ್ಮ ಹೆಡ್ ಕ್ಲಾರ್ಕ್ ಕೂಡ ಅದೇ ಕಡೆಯವರು. ಅಲ್ಲಿದ್ದ ಕನ್ನಡ ಮನೆಗಳಿಗೆಲ್ಲ ಅವರೇ ಹಿರಿಯರು. ಯಾರ ಮನೆಯ ಕೂಸಿಗೆ ಯಾವ ಹೆಸರಿಡಬೇಕು, ಯಾವ ವಾರ ಕ್ಷೌರ ಮಾಡಿಸಬಾರದು, ಎಲ್ಲವನ್ನೂ ಅವರನ್ನು ಕೇಳಿಯೇ ಮಾಡಬೇಕಿತ್ತು. ಕೇಳದಿದ್ದರೆ ಅವರೇ ಬಂದು ಹೇಳುತ್ತಿದ್ದರು.

ಒಂದು ಶ್ರಾವಣದಲ್ಲಿ ಹೊಳೆ ಉಕ್ಕಿ, ರೈಲಿನಲ್ಲಿ ಮೂರು ತಾಸು ದೂರದ ಒಂದು ಊರಿನ ಅರ್ಧ ಮನೆಗಳು ಬಿದ್ದವು. ಔಷಧ, ಕಂಬಳಿ, ಹಾಲಿನ ಪುಡಿ ಎಲ್ಲವೂ ನಮ್ಮ ಕಚೇರಿಯಿಂದಲೇ ಹೋಗುತ್ತಿದ್ದವು. ಒಂದು ಶುಕ್ರವಾರ ಬೆಳಿಗ್ಗೆ ಅಲ್ಲಿಯ ಡಾಕ್ಟರಿಂದ ತಂತಿ ಬಂತು. ಗೋಡೆಯಡಿ ಸಿಕ್ಕ ರೈತನೊಬ್ಬನ ಕಾಲಿಗೆ ಆಪರೇಷನ್ ಆಗಬೇಕು, ಓ ಗುಂಪಿನ ರಕ್ತ ಮೂರು ಬಾಟಲಿ ಸಂಜೆಯೊಳಗೆ ಬರಬೇಕು, ಬಾರದಿದ್ದರೆ ಅವನು ಉಳಿಯುವುದಿಲ್ಲ.

ಹೆಡ್ ಕ್ಲಾರ್ಕರು ಎದ್ದು ನಿಂತು ಕನ್ನಡದವರ ಮಾನ ಉಳಿಸಬೇಕೆಂದು ಭಾಷಣ ಮಾಡಿದರು. ನಾವು ಹತ್ತು ಜನ ಟಾಂಗಾ ಹತ್ತಿ ಆಸ್ಪತ್ರೆಗೆ ಹೋದೆವು. ಅಲ್ಲಿಯ ಲೇಡಿ ಡಾಕ್ಟರ್, ಊರೆಲ್ಲ 'ಡಾಕ್ಟರ್ ಬಾಯಿ' ಎಂದು ಕರೆಯುತ್ತಿದ್ದವರು, ಎಲ್ಲರ ಬೆರಳು ಚುಚ್ಚಿ ನೋಡಿ ನಾಲ್ವರನ್ನು ಆರಿಸಿದರು. ಹೆಡ್ ಕ್ಲಾರ್ಕರು, ಇಬ್ಬರು ಗುಮಾಸ್ತರು, ಮತ್ತು ನಾನು.

ಬೆರಳು ಚುಚ್ಚಿದ್ದಕ್ಕೇ ನನಗೆ ಕಣ್ಣು ಕತ್ತಲೆ ಬಂದಿತ್ತು. "ಮೂರೇ ಬಾಟಲಿ ಬೇಕಾದದ್ದು. ನಾನು ಸಾಗಿಸುವ ವ್ಯವಸ್ಥೆ ನೋಡಿಕೊಳ್ತೀನ್ರಿ, ಅದಕ್ಕೂ ಒಬ್ಬ ಗಟ್ಟಿ ಆಳು ಬೇಕಲ್ಲ?" ಎಂದೆ. ಪರಿಹಾರ ಕಾರ್ಯದಲ್ಲಿ ನನಗೆ ಜವಾಬ್ದಾರಿ ಸಿಕ್ಕಿದ್ದು ಹೀಗೆ, ಸೂಜಿಯ ಹೆದರಿಕೆಯಿಂದ.

ಹೆಡ್ ಕ್ಲಾರ್ಕರು ಮಲಗಿಕೊಂಡೇ ತಮ್ಮ ಬಾಟಲಿ ತುಂಬುವುದನ್ನು ನೋಡಿ ಸಂತೋಷಪಟ್ಟರು. "ಏನ್ ಬಣ್ಣ ಐತಿ ನೋಡಪಾ! ನಲವತ್ತು ವರ್ಷದ ಬೆಣ್ಣಿ, ಜೋಳದ ರೊಟ್ಟಿ. ಆ ರೈತ ಎದ್ದು ಕೂತ ಕೂಡ್ಲೆ ಕನ್ನಡ ಮಾತಾಡ್ತಾನ, ಬರದಿಟ್ಕೋ."

ಡಾಕ್ಟರ್ ಬಾಯಿ ಬಾಟಲಿಗಳನ್ನು ನನ್ನ ಕೈಗೆ ಕೊಟ್ಟು, "ಥಂಡಾ ಇರಬೇಕು, ನೆನಪಿರಲಿ" ಎಂದು ಹಿಂದಿಯಲ್ಲಿ ಹೇಳಿದರು. ನಾನು ಕಿತ್ತಳೆ ಹಣ್ಣಿನ ಖಾಲಿ ಪೆಟ್ಟಿಗೆಗೆ ತಗಡು ಹೊಡೆಸಿ, ಮಂಜುಗಡ್ಡೆ ತುಂಬಿ, ಬಾಟಲಿಗಳನ್ನು ನಿಲ್ಲಿಸಿ, ಹೊಟ್ಟು ಸುರಿದೆ. ಹನ್ನೊಂದರ ಗಾಡಿಗೆ ಪೆಟ್ಟಿಗೆ ತಯಾರಾಗಿತ್ತು.

"ಈಗ ಕಳಸ್ತೀಯೇನು?" ಹೆಡ್ ಕ್ಲಾರ್ಕರು ಗೋಡೆ ಗಡಿಯಾರದತ್ತ ಬೆರಳು ಮಾಡಿದರು. "ಶುಕ್ರವಾರ ಹತ್ತೂವರಿಯಿಂದ ಹನ್ನೆರಡರ ತನಕ ರಾಹುಕಾಲ. ರಾಹುಕಾಲದಾಗ ನನ್ನ ರಕ್ತ ಗಾಡಿ ಹತ್ತೂದಿಲ್ಲ."

"ರೋಗಿ ಕಾಯ್ತಿದ್ದಾನಲ್ರಿ."

"ಮೂರರ ಗಾಡಿಗೂ ಆರಕ್ಕ ಮುಟ್ಟತೈತಿ. ಬರೋಬರ್ ಆಗ್ತದ. ನಾ ಮನಿಗೆ ಹೋಗಿ ಮಲಗ್ತೀನಿ. ಮೂರಕ್ಕ ತೆಂಗಿನಕಾಯಿ ತಗೊಂಡ ಬರ್ತೀನಿ, ಒಡದು ಕಳಸೂಣು."

ಅವರು ಮಳೆಗಾಲದ ಆ ಧಗೆಯಲ್ಲಿ ಶಾಲು ಹೊದ್ದು, ಉಳಿದಿಬ್ಬರು ದಾನಿಗಳ ಭುಜ ಹಿಡಿದು, ಯುದ್ಧದಿಂದ ಮರಳಿದವರ ಹಾಗೆ ಮನೆಗೆ ಹೋದರು. ಹನ್ನೊಂದರ ಗಾಡಿ ನನ್ನ ಕಣ್ಣೆದುರೇ ಹೋಯಿತು.

ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂರು ಗಂಟೆಯವರೆಗೆ ಮಂಜು ಉಳಿಯುವುದೆಂತು? ಆಗ ಸ್ಟೇಷನ್ನಿನ ಹೊರಗೆ ಕುಲ್ಫಿ ಮಾರುವವನು ನನಗೆ ನೆನಪಾದ. ಅವನ ಮಡಕೆಯಲ್ಲಿ ಮಂಜು ಕರಗಿ ನೀರಾದರೂ ಕುಲ್ಫಿ ಮಾತ್ರ ಕಲ್ಲಾಗಿರುತ್ತಿತ್ತು. ಅವನು ಮಂಜಿಗೆ ಉಪ್ಪು ಬೆರೆಸುವುದನ್ನು ದಿನಾ ನೋಡಿದ್ದೆ. ಮೆಟ್ರಿಕ್‌ನಲ್ಲಿ ವಿಜ್ಞಾನಕ್ಕೆ ನನಗೆ ಬಂದದ್ದು ಮೂವತ್ತೈದು ಅಂಕ. ಆ ಮೂವತ್ತೈದೂ ಅಂದು ಒಟ್ಟಿಗೆ ಕೆಲಸ ಮಾಡಿದವು. ಅವನಿಂದ ಎರಡು ಸೇರು ಕಲ್ಲುಪ್ಪು ತಂದು ಪೆಟ್ಟಿಗೆಗೆ ಸುರಿದೆ.

ಒಂದೂಕಾಲಿಗೆ ತೆರೆದು ನೋಡಿದರೆ ಅದ್ಭುತ! ಬಾಟಲಿಗಳ ಮೈತುಂಬ ಬಿಳಿ ಹಿಮ. ಒಂದನ್ನು ಅಲ್ಲಾಡಿಸಿದೆ, ಒಳಗಿನದು ಅಲ್ಲಾಡಲಿಲ್ಲ. ಇಷ್ಟು ತಣ್ಣಗೆ ಈ ಊರಿನಲ್ಲಿ ಬೇರೆ ಯಾರು ಇಟ್ಟಾರು? ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯಿಂದ ಪೆಟ್ಟಿಗೆಯನ್ನೇ ಟಾಂಗಾದಲ್ಲಿಟ್ಟುಕೊಂಡು ಆಸ್ಪತ್ರೆಗೆ ಓಡಿದೆ.

ಡಾಕ್ಟರ್ ಬಾಯಿ ಬಾಟಲಿ ನೋಡಿದರು. ಆಮೇಲೆ ಬೆರಳಿನಿಂದ ಮಂಜನ್ನು ಮುಟ್ಟಿ ನಾಲಿಗೆಗೆ ಇಟ್ಟುಕೊಂಡರು.

"ಉಪ್ಪು ಯಾರು ಹಾಕಿದ್ದು?"

"ನಾನೇ" ಎಂದೆ, ಎದೆಯುಬ್ಬಿಸಿ.

"ರಕ್ತ ಮಂಜುಗಡ್ಡೆಯಾದರೆ ಅದರೊಳಗಿನ ಕಣಗಳೆಲ್ಲ ಒಡೆದುಹೋಗುತ್ತವೆ. ಇದನ್ನು ಏರಿಸಿದ್ದರೆ ಆ ರೈತ ಇವತ್ತೇ ಸಾಯುತ್ತಿದ್ದ. ಥಂಡಾ ಅಂದರೆ ಕುಲ್ಫಿ ಅಂತಲ್ಲ, ಬಾಬು."

ಅವರು ಬೈಯಲೂ ಸಮಯ ಹಾಳುಮಾಡಲಿಲ್ಲ. "ನೀನು ಓ ಗುಂಪು. ಇನ್ನಿಬ್ಬರನ್ನು ಕರೆದು ತಾ. ಜಲ್ದಿ."

ಮೊದಲು ಕೊಟ್ಟವರಿಂದ ಮತ್ತೆ ತೆಗೆಯುವಂತಿರಲಿಲ್ಲ. ಅವರಿಗೆ ಹೇಳುವ ಧೈರ್ಯ ನನಗೂ ಇರಲಿಲ್ಲ. ಸ್ಟೇಷನ್ನಿಗೆ ಓಡಿ ಮೂಟೆ ಹೊರುವ ಹಮಾಲರ ಎದುರು ಕೈ ಮುಗಿದೆ. ಕುಲ್ಫಿಯವನು ಮಧ್ಯೆ ಬಂದ.

"ನನ್ನ ಉಪ್ಪು ಎಲ್ಲಿ ಹಾಕಿದೆ ಬಾಬು?"

ಹೇಳಿದೆ. ಅವನು ಹೊಟ್ಟೆ ಹಿಡಿದು ನಕ್ಕ. "ಅರೇ, ಆದಮೀ ಕೀ ಕುಲ್ಫೀ! ಮನುಷ್ಯನ ಕುಲ್ಫಿ! ಕಡ್ಡಿ ಚುಚ್ಚುವುದನ್ನು ಮರೆತೆಯಲ್ಲೋ!" ನಗು ಮುಗಿದ ಮೇಲೆ ಮಡಕೆಗೆ ಗೋಣಿ ಮುಚ್ಚಿ, "ಚಲೋ, ಉಪ್ಪು ನಂದೇ ತಾನೆ" ಎಂದು ಟಾಂಗಾ ಹತ್ತಿದ. ಐವರು ಹಮಾಲರೂ ಹತ್ತಿದರು. ಕುದುರೆ ಒಮ್ಮೆ ತಿರುಗಿ ನೋಡಿತು.

ಕುಲ್ಫಿಯವನೂ, ಒಬ್ಬ ಮುದಿ ಹಮಾಲನೂ ಓ ಗುಂಪು ಎಂದಾಯಿತು. "ಮುದುಕ ಪರೀಕ್ಷೆ ಪಾಸಾದ, ನಾವೆಲ್ಲ ಫೇಲು!" ಎಂದು ಉಳಿದವರು ಗಲಾಟೆ ಮಾಡಿದರು. ಡಾಕ್ಟರ್ ಬಾಯಿ ಮುದುಕನ ಎದೆ, ನಾಡಿ ಎರಡೂ ನೋಡಿ, "ಇವನು ನಿಮ್ಮೆಲ್ಲರಿಗಿಂತ ಗಟ್ಟಿ" ಎಂದರು.

ನನ್ನ ಪಕ್ಕದ ಮಂಚದಲ್ಲೇ ಆ ಹಮಾಲ ಮಲಗಿದ್ದ. ನಾನು ಕಣ್ಣು ಮುಚ್ಚಿ ದೇವರ ಹೆಸರು ಹೇಳತೊಡಗಿದೆ. ಅವನು ಆಚೆಯಿಂದ ಕೈ ಚಾಚಿ ನನ್ನ ಕೈ ಹಿಡಿದ.

"ಡರೋ ಮತ್ ಬಾಬು, ಹೆದರಬೇಡಿ. ನಿಮ್ಮ ಪಾರ್ಸಲ್ ಹೊರುವುದಕ್ಕಿಂತ ಇದು ಹಗುರ."

ಸೂಜಿ ಹತ್ತಿರ ಬಂದದ್ದು ನೆನಪಿದೆ. ಎಚ್ಚರವಾದಾಗ ಬಾಟಲಿ ತುಂಬಿತ್ತು. "ಮೂರ್ಛೆ ಹೋದವನ ಕೈ ಅಲ್ಲಾಡುವುದಿಲ್ಲ, ನಮಗೆ ಅನುಕೂಲ" ಎಂದರು ಡಾಕ್ಟರ್ ಬಾಯಿ. ಈ ಸಲ ಪೆಟ್ಟಿಗೆಯನ್ನು ಅವರೇ ಕಟ್ಟಿದರು.

ಮೂರಕ್ಕೆ ಐದು ನಿಮಿಷವಿದ್ದಾಗ ಪೆಟ್ಟಿಗೆ ಪ್ಲಾಟ್‌ಫಾರ್ಮಿಗೆ ಬಂತು. ಹೆಡ್ ಕ್ಲಾರ್ಕರು ಹೆಂಡತಿಯೊಡನೆ ನಿಂತಿದ್ದರು. ಆ ತಾಯಿ ಪೆಟ್ಟಿಗೆಗೆ ಅರಿಸಿನ ಕುಂಕುಮ ಹಚ್ಚಿ ಆರತಿ ಎತ್ತಿದರು. ಯಜಮಾನರು ಕಾಯಿ ಒಡೆದು ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ, "ಹೋಗಿ ಬಾರಪಾ" ಎಂದರು, ತಮ್ಮ ರಕ್ತಕ್ಕೆ. ಅವರ ರಕ್ತ ಅಷ್ಟು ಹೊತ್ತಿಗೆ ಆಸ್ಪತ್ರೆಯ ಮೋರಿ ಸೇರಿತ್ತು. ನನ್ನ ಮುಖ ನೋಡಿ ಅವರ ಹೆಂಡತಿ, "ಪಾಪ, ಓಡಾಡಿ ಸೋತಾನ" ಎಂದು ನನಗೊಂದು ಹೋಳು ಕೊಟ್ಟರು. ನಾನು ತಿಂದೆ.

ಮರುದಿನ ತಂತಿ ಬಂತು. ಆಪರೇಷನ್ ಆಗಿದೆ, ಕಾಲು ಉಳಿದಿದೆ, ಮನುಷ್ಯನೂ ಉಳಿದಿದ್ದಾನೆ. ಹೆಡ್ ಕ್ಲಾರ್ಕರು ಕಚೇರಿಗೆಲ್ಲ ಪೇಢೆ ಹಂಚಿದರು. ಮೂವರು ದಾನಿಗಳ ಹೆಸರು ಬರೆಸಿ ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿದರು. ಮೊಳೆ ಹೊಡೆದವನು ನಾನು. ಅಂದೇ ಹೇಳಬಹುದಿತ್ತು. ಬೈಗುಳ ತಿನ್ನಬೇಕಾದೀತು, ಕುಲ್ಫಿ ಬಾಬು ಎಂದು ಹೆಸರು ಬಿದ್ದೀತು ಎಂದು ಹೆದರಿದೆ. ಸೂಜಿಯ ಹೆದರಿಕೆ ಅಂದು ಹೋಗಿತ್ತು, ಇದು ಹೋಗಲಿಲ್ಲ. ಕುಲ್ಫಿಯವನಿಗೂ ಹಮಾಲರಿಗೂ ಬಾಯಿ ಬಿಡಬೇಡಿ ಎಂದು ಬೇಡಿಕೊಂಡೆ. ಅವರು ನಕ್ಕು ಒಪ್ಪಿಕೊಂಡರು.

ಸಂಕ್ರಾಂತಿಯ ಹೊತ್ತಿಗೆ ಆ ರೈತ ಕೋಲೂರಿಕೊಂಡು ನಮ್ಮ ಕಚೇರಿಗೇ ಬಂದ. ಹೆಡ್ ಕ್ಲಾರ್ಕರು ಅವನನ್ನು ತಬ್ಬಿಕೊಂಡು ಬಾಗಿಲ ಬೆಳಕಿಗೆ ನಿಲ್ಲಿಸಿ ಅತ್ತಿತ್ತ ತಿರುಗಿಸಿ ನೋಡಿದರು. ಮನೆಯಿಂದ ತರಿಸಿದ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟರು. ಅವನು ಮೂರು ತಾಸು ಗಾಡಿಯಲ್ಲಿ ನಿಂತು ಬಂದವನು, ಹಸಿದಿದ್ದ, ನಾಲ್ಕು ರೊಟ್ಟಿ ತಿಂದ.

"ನೋಡ್ರೆಪಾ! ಮರಾಠಿ ಮನಷ್ಯಾ, ಚಟ್ನಿ ಹೆಂಗ ಹೊಡೀತಾನ! ರಕ್ತ ಎಲ್ಲಿ ಹೋಗ್ತದ?"

ರೈತ ಅವರ ಕಾಲಿಗೆ ಬಿದ್ದ. ಗೋಡೆಯ ಮೇಲಿನ ಹೆಸರುಗಳಿಗೂ ಕೈ ಮುಗಿದ. ಹೊಸ ಜೋಳದ ಒಂದು ಚೀಲ ತಂದಿದ್ದೇನೆ, ಹಮಾಲ ಹೊತ್ತು ತರುತ್ತಿದ್ದಾನೆ ಎಂದ.

ಬಾಗಿಲಲ್ಲಿ ಚೀಲ ಹೊತ್ತು ನಿಂತಿದ್ದವನು ಆ ಮುದುಕ ಹಮಾಲನೇ. ನಾನು ಎದ್ದು ಹೋದೆ. ಅವನು ಚೀಲದಡಿಯಿಂದಲೇ ಒಳಗೆ ಇಣುಕಿ, "ಯಾರು ಬಾಬು ಅವನು? ಸಾಹೇಬರು ಇಷ್ಟು ಕುಣೀತಿದ್ದಾರೆ?" ಎಂದು ಮೆಲ್ಲಗೆ ಕೇಳಿದ.

"ಯಾರೋ ಹಳ್ಳಿಯವನು" ಎಂದೆ. "ಚೀಲ ಆ ಮೂಲೆಗೆ ಇಡು."

ಅವನು ಇಟ್ಟ. ರೈತ ಕೋಲೂರಿಕೊಂಡು ಹತ್ತಿರ ಬಂದು, "ತುಂಬಾ ಭಾರ ಇತ್ತು ಬಾಬಾ, ನಿನಗೆ ತೊಂದರೆ ಕೊಟ್ಟೆ" ಎಂದು ಅವನ ಭುಜಕ್ಕೆ ಅಂಟಿದ್ದ ಜೋಳದ ಹೊಟ್ಟನ್ನು ತನ್ನ ಕೈಯಿಂದಲೇ ಕೊಡವಿದ. ಹಮಾಲ, "ಏನಿಲ್ಲ, ಏನಿಲ್ಲ" ಎನ್ನುತ್ತ ಕುತ್ತಿಗೆ ಒರೆಸಿಕೊಂಡು, ಮುಂದಿನ ಗಾಡಿಯ ಸಿಳ್ಳೆ ಕೇಳಿ ಹೊರಗೆ ಓಡಿದ.