ಬಾಣಂತಿ ಕೋಣೆಯ ನೀಲಿ ಬೆಳಕು

ಮಸ್ಕಿಯ ನಮ್ಮ ಮನೆಯ ಬಾಣಂತಿ ಕೋಣೆಯಲ್ಲಿ ಆ ಮಧ್ಯಾಹ್ನ ಐದು ಜನ ಇದ್ದೆವು. ಹೊರಸಿನ ಮೇಲೆ ತಂಗಿ, ಅವಳ ಮಗ್ಗುಲಲ್ಲಿ ಒಂದೂವರೆ ತಿಂಗಳ ಕೂಸು, ಕಾಲ ಕಡೆ ಅಜ್ಜಿ, ಬಾಗಿಲ ಹತ್ತಿರ ಸಿಂಧನೂರಿನಿಂದ ಬಂದಿದ್ದ ತಂಗಿಯ ಅತ್ತೆ, ಮತ್ತು ಕೈಯಲ್ಲಿ ಎರಡು ಸಣ್ಣ ಶೀಷೆ ಹಿಡಿದ ನಾನು. ಕೂಸನ್ನೂ ಸೇರಿಸಿದ್ದೇಕೆಂದರೆ, ಜಗಳ ಅದರದೇ ಆಗಿತ್ತು.

ಹಿಂದಿನ ವಾರ ಅತ್ತೆ ಬಂದಾಗ ಬಾಣಂತಿಯ ಗಡಿಗೆಯಿಂದ ಒಂದು ಗುಟುಕು ನೀರು ಕುಡಿದು ಮುಖ ಕಿವುಚಿದ್ದರು. “ಕಬ್ಬಿಣ ನೆಕ್ಕಿದಂಗ ಐತಲ್ರೀ! ಇಂಥಾ ಬೋರಿನ ನೀರು ಕುಡಿಸಿ ಬಾಣಂತನ ಮಾಡಾಕತ್ತೀರೇನು? ನನ್ನ ಸೊಸೀನ ನಾ ಕರಕೊಂಡು ಹೋಗ್ತೀನಿ.”

ತಂಗಿ ಐದನೇ ತಿಂಗಳವರೆಗೆ ತವರಲ್ಲೇ ಇರಲೆಂಬುದು ಅಜ್ಜಿಯ ಆಸೆ. ನಮಗೆ ತಾಯಿ ಇಲ್ಲ, ನಮ್ಮಿಬ್ಬರನ್ನೂ ಎರೆದು ಬೆಳೆಸಿದವಳು ಅವಳೇ. ಅವತ್ತು ಅವಳು ತಲೆ ತಗ್ಗಿಸಿ ಕೂಸಿನ ಅಂಗಾಲು ಸವರುತ್ತಲೇ ಇದ್ದಳು. ನನಗೇ ತಡೆಯಲಾಗಲಿಲ್ಲ. “ಒಂದು ವಾರ ತಡೀರಿ ಅತ್ತಿ, ನಾ ನೀರು ಪರೀಕ್ಷಾ ಮಾಡ್ತೀನಿ” ಎಂದು ಗಡಿಗೆಯ ನೀರನ್ನೇ ಬಾಟಲಿಗೆ ತುಂಬಿಕೊಂಡು ಹೋದೆ.

ಲಿಂಗಸುಗೂರಿನ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಆಗ ನಿಂಬೆರಸಕ್ಕೆ ಯೂರಿಯಾ ಬೆರೆಸಿ, ಬಿಗಿ ಮುಚ್ಚಳದ ಉಕ್ಕಿನ ಪಾತ್ರೆಯಲ್ಲಿ ತಾಸುಗಟ್ಟಲೆ ಕಾಯಿಸಿ, ಇಂಗಾಲದ ನ್ಯಾನೊ ಕಣಗಳನ್ನು ಮಾಡುತ್ತಿದ್ದೆ. ನೋಡಲು ಬೆಲ್ಲದ ನೀರು, ಅಷ್ಟೇ. ಆದರೆ ಯೂರಿಯಾದ ಸಾರಜನಕವನ್ನು ಒಳಗೆ ಸೇರಿಸಿಕೊಂಡ ಆ ಕಣಗಳ ಮೇಲೆ ನೇರಳಾತೀತ ಬೆಳಕಿನ ಬ್ಯಾಟರಿ ಬಿಟ್ಟರೆ ಅವು ನೀಲಿಯಾಗಿ ಹೊಳೆಯುತ್ತವೆ. ಬೆರೆಸಿದ ನೀರಿನಲ್ಲಿ ಕಬ್ಬಿಣದ ಅಯಾನುಗಳಿದ್ದರೆ ಹೊಳಪು ಕುಂದುತ್ತದೆ.

ಕುಂದಿತು. ಮೂರು ಸಲ ನೋಡಿದೆ, ಮೂರು ಸಲವೂ ಕುಂದಿತು. ಸುಳ್ಳು ಹೇಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಆ ದ್ರಾವಣ ತುಂಬಿದ ಎರಡು ಶೀಷೆಗಳನ್ನೂ ಬ್ಯಾಟರಿಯನ್ನೂ ಮಸ್ಕಿಗೆ ತಂದೆ.

ಗಾಳಿ ಬರಬಾರದೆಂದು ಕಿಟಕಿಗೆ ಕಂಬಳಿ ಕಟ್ಟಿದ್ದ ಆ ಕೋಣೆ ನನ್ನ ಪ್ರಯೋಗಶಾಲೆಗಿಂತ ಕತ್ತಲಾಗಿತ್ತು. ಬ್ಯಾಟರಿ ಬಿಟ್ಟೆ.

“ಯಕ್ಕಾ, ನವಿಲಿನ ಕುತ್ತಿಗಿ ಆತಲ್ಲ!” ಎಂದಳು ತಂಗಿ.

ಒಂದು ಶೀಷೆಗೆ ಗಡಿಗೆಯ ನೀರು ಹಾಕಿದೆ. ನೀಲಿ ಮಂಕಾಯಿತು. “ನೋಡ್ರಿ, ನನ್ನ ನಾಲಿಗಿ ಹೇಳಿದ್ದನ್ನ ನಿಮ್ಮ ಹುಡುಗಿ ಬ್ಯಾಟರಿನೂ ಹೇಳ್ತು” ಎಂದರು ಅತ್ತೆ.

ಆಗ ಅಜ್ಜಿ ಬಾಯಿಬಿಟ್ಟಳು. “ಬೋರಿಂದ ಸೀದಾ ಹಿಡಕೊಂಡು ಬಂದು ಹಾಕಬೇ.”

ಮೂಲದಿಂದಲೇ ನೀರು ಹಿಡಿಯಬೇಕೆಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಹೇಳುವವಳು ನಾನು. ಅವತ್ತಿನ ಅವಸರದಲ್ಲಿ ಅದನ್ನೇ ಮರೆತಿದ್ದೆ. ಹಿತ್ತಲಿನ ಬೋರಿನ ನಳದಿಂದಲೇ ಒಂದು ಲೋಟ ಹಿಡಿದು ತಂದು ಎರಡನೇ ಶೀಷೆಗೆ ಹಾಕಿದೆ. ನೀಲಿ ಹಾಗೆಯೇ ಉಳಿಯಿತು.

ಗಡಿಗೆಯೊಳಗೆ ಕೈ ಹಾಕಿದೆ. ತಳದಲ್ಲಿ ಬೆರಳುದ್ದದ ಮೊಳೆಯೊಂದು ಸಿಕ್ಕಿತು, ಮೈತುಂಬ ತುಕ್ಕು.

“ಬಾಣಂತಿಗೆ ಯಾರ ಕಣ್ಣೂ ತಾಗಬಾರದು ಅಂತ ಹಾಕಿದ್ನೆವ್ವಾ” ಎಂದಳು ಅಜ್ಜಿ.

“ಮತ್ತ ಅವತ್ತೇ ಹೇಳಬೇಕಿಲ್ಲೇನಬೇ?” ಎಂದೆ.

“ಹೇಳಿದ್ರ ಅದರ ಫಲ ಹೋಗ್ತೈತಿ. ನಿಮ್ಮವ್ವನ ಬಾಣಂತನದಾಗ ಹಾಕೋದು ಮರತಿದ್ದೆ.”

ತಂಗಿ ಹುಟ್ಟಿದಾಗಿನ ಬಾಣಂತನದಲ್ಲೇ ನಮ್ಮ ಅವ್ವ ತೀರಿಕೊಂಡಿದ್ದು. ಇಷ್ಟು ವರ್ಷ ಅಜ್ಜಿ ಈ ಮಾತನ್ನು ಒಬ್ಬಳೇ ಹೊತ್ತುಕೊಂಡಿದ್ದಳೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ತಂಗಿ ಎದ್ದು ಕುಳಿತು ಅವಳ ಕೈ ಹಿಡಿದಳು.

ಅತ್ತೆ ಬಾಗಿಲು ಬಿಟ್ಟು ಬಂದು ಅಜ್ಜಿಯ ಪಕ್ಕದಲ್ಲಿ ಕುಳಿತರು. “ನನ್ನ ಬಾಣಂತನದಾಗ ನಮ್ಮವ್ವ ತಲಿದಿಂಬಿನ ಬುಡಕ ಕುಡಗೋಲು ಇಟ್ಟಿದ್ಲುರೀ. ತಿರುಗಿ ಮಲಗಾಕ ಜೀವ ಹೋಗ್ತಿತ್ತು. ನೀವೂ ದಿಂಬಿನ ಬುಡಕ ಇಡ್ರಿ, ನೀರಾಗ ಬ್ಯಾಡ. ಐದು ತಿಂಗಳು ತುಂಬಿದ ಮ್ಯಾಲೇ ಕಳಸ್ರಿ.”

“ಇದು ಕಬ್ಬಿಣದ ಸುದ್ದಿ ಅಷ್ಟ ಹೇಳ್ತೈತಿ ಅತ್ತಿ, ನೀರಿನಾಗಿನ ಉಳಿದಿದ್ದು ಬ್ಯಾರೆ ನೋಡಬೇಕು” ಎಂದೆ.

“ಸುಮ್ನಿರು ಬೇ, ಚಾ ಇಡು ಹೋಗು” ಎಂದರು ಇಬ್ಬರೂ ಒಟ್ಟಿಗೆ.

ಐದು ತಿಂಗಳು ತುಂಬಿದಾಗ ಅತ್ತೆಯೇ ಕರೆಯಲು ಬಂದರು. ಸಿಂಧನೂರಿನ ಬಸ್ಸು ಹತ್ತುವ ಮೊದಲು ಅಜ್ಜಿಯ ಕಡೆ ಕೈ ಚಾಚಿ ಆ ಮೊಳೆ ಕೇಳಿದರು. ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಿದ್ದ ಮೊಳೆಯನ್ನು ಅಜ್ಜಿ ಸೆರಗಿನಿಂದ ಬಿಚ್ಚಿ ಕೊಟ್ಟಳು. ಅತ್ತೆ ಅದನ್ನು ತಮ್ಮ ಸೆರಗಿಗೆ ಗಂಟು ಹಾಕಿಕೊಂಡು, ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿದರು.