ಮಂಚದ ಕೆಳಗಿನ ಕೆಂಡ

ನಮ್ಮ ಗುಡೇಕೋಟೆಯ ಬಂಡೆಗಳು ಬೇಸಿಗೆಯಲ್ಲಿ ಕತ್ತಲಾದರೂ ಆರುವುದಿಲ್ಲ. ತೊಂಬತ್ತರ ದಶಕದ ಅಂಥದೊಂದು ಬೇಸಿಗೆಯಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿ ಬಂದವಳೇ ಕೋಣೆಯ ಕಿಟಕಿಗೆ ಗೋಣಿತಾಟು ಕಟ್ಟಿದಳು, ಅಕ್ಕನ ಕಿವಿಗೆ ಅರಿವೆ ಸುತ್ತಿದಳು, ಮಂಚದ ಕೆಳಗೆ ಕೆಂಡದ ಕುಂಪಟಿ ಇಟ್ಟಳು. ಹಸೀ ಬಾಣಂತಿಗೆ ಗಾಳಿ ಸೋಕಿದರೆ ಸನ್ನಿ ಹಿಡಿಯುತ್ತದೆ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತ ಅವ್ವನ ಅವ್ವ ಹೇಳಿದ್ದಳಂತೆ. ಚಳಿಗಾಲಕ್ಕೆ ಹೇಳಿದ್ದೋ ಬೇಸಿಗೆಗೋ, ಯಾರು ಕೇಳಬೇಕು?

“ಯವ್ವಾ, ಒಂದ್ ಚಂಬು ನೀರು ಕೊಡ,” ಅಂತ ಅಕ್ಕ ಗೋಗರೆದಳು.

“ತಡ್ಕೋ ನನ ಬಂಗಾರ, ನಿನ್ ಹಡ್ದಾಗ ನಾನೂ ತಡ್ಕೊಂಡೀನಿ,” ಅಂದು ಅವ್ವ ಕಾಯಿಸಿದ ನೀರನ್ನು ಗುಟುಕಷ್ಟೇ ಕೊಟ್ಟಳು.

ಒಂದು ಮಧ್ಯಾಹ್ನ ಅಕ್ಕನ ಬೆವರು ನಿಂತುಹೋಯಿತು. “ನೋಡ, ಮೈ ಒಣಗೇತಿ, ಗಟ್ಟಿ ಆಗ್ಯಾಳ,” ಎಂದು ಅವ್ವ ಹಿಗ್ಗಿದಳು. ಸಂಜೆಗೆ ಅಕ್ಕ ಬಡಬಡಿಸತೊಡಗಿದಾಗ ಸನ್ನಿಯೇ ಬಂತೆಂದು ಕಂಬಳಿ ಹೊದಿಸಿ, ಇನ್ನಷ್ಟು ಕೆಂಡ ಸುರಿದಳು. ಜೀಪು ಮಾಡಿಕೊಂಡು ಕೂಡ್ಲಿಗಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಕ್ಕ ಇರಲಿಲ್ಲ.

“ಮೈಯೊಳಗೂ ಒಂದು ಒಲೆ ಇರುತ್ತೆ ತಾಯಿ,” ಎಂದರು ಡಾಕ್ಟರು. “ಅದರ ಕಾವು ಬೆವರಾಗಿ ಹೊರಗೆ ಹೋಗ್ಬೇಕು. ನೀರೇ ಕೊಡದಿದ್ರೆ ಬೆವರು ಎಲ್ಲಿಂದ ಬರುತ್ತೆ?” ಅವ್ವ ಅಳಲಿಲ್ಲ. ಅವರ ಬಾಯನ್ನೇ ನೋಡುತ್ತ ನಿಂತಳು.

ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಓಣಿಯ ಹೆಂಗಸರು ಆಡಿಕೊಂಡರು. ಅವರ ಬಾಯಿಗೆ ಮಣ್ಣು ಬೀಳ! ಅವರ ಮನೆಗಳಲ್ಲೂ ಅದೇ ಕುಂಪಟಿ ಇತ್ತು.

ಕೆಲವು ವರ್ಷಗಳ ಮೇಲೆ, ಕೊರೆಯುವ ಚಳಿಯಲ್ಲಿ, ಅದೇ ಕೋಣೆಯಲ್ಲಿ ನಾನು ಹಡೆದೆ. ಅವ್ವ ಕಿಟಕಿ ತೆರೆದಿಟ್ಟಳು. ಕೆಂಡವಿಲ್ಲ, ಕಂಬಳಿಯಿಲ್ಲ. ತಲೆದೆಸೆಯಲ್ಲಿ ತುಂಬಿದ ಕೊಡ. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು.

“ಅವ್ವಾ, ಥಂಡಿ ಆಗ್ತೈತಿ, ಒಂದು ಕಂಬಳಿ ಕೊಡ.”

ಅವಳು ಓಡಿ ಬಂದು ನನ್ನ ಹಣೆ, ಕುತ್ತಿಗೆ, ಬೆನ್ನು ಸವರಿದಳು. ಕೈಗೆ ಬೆವರು ಹತ್ತಲಿಲ್ಲ. ಆ ಚಳಿಯಲ್ಲಿ ಎಲ್ಲಿಂದ ಹತ್ತಬೇಕು? ಅವ್ವನ ಮುಖ ಬಿಳಿಚಿತು.

“ಬೆವರಿಲ್ಲಲ್ಲ ನನ ಬಂಗಾರ… ಕುಡಿ, ಕುಡಿ,” ಎಂದು ಚಂಬು ತುಂಬಿ ಬಾಯಿಗೆ ಹಿಡಿದಳು.

ಕಂಬಳಿ ಮತ್ತೆ ಕೇಳಲಿಲ್ಲ. ಕೂಸನ್ನು ಸೆರಗಿನೊಳಗೆ ಅವಚಿಕೊಂಡು, ಅವಳು ಕೊಟ್ಟ ನೀರನ್ನೆಲ್ಲ ಕುಡಿದೆ.