ಕ್ಯಾರವಾನಿಗೆ ಸೋಲಾರ್ ಹಾಕಿಸಿದ ನರ್ಸ್

ಅವರು ಉಡುಪಿ ಕಡೆಯವರು, ಅಬುಧಾಬಿಯಲ್ಲಿ ನರ್ಸ್. ಮಂಚವಿರುವ ಹಳೆಯ ಕ್ಯಾರವಾನ್ ಗಾಡಿಯನ್ನು ಸೋಲಾರ್ ಹಾಕಿಸಲು ದುಬೈಯ ರಾಸ್ ಅಲ್ ಖೋರ್‌ನ ನನ್ನ ಗ್ಯಾರೇಜಿಗೆ ತಂದಿದ್ದರು. ಅವರ ಗಂಡನಿಗೆ ಒಂದು ರಾತ್ರಿಯಾದರೂ ಸಮುದ್ರದ ಬದಿಯಲ್ಲಿ ಮಲಗುವ ಆಸೆ. ಶ್ವಾಸಕೋಶ ಕೆಟ್ಟಿದ್ದರಿಂದ ಆಕ್ಸಿಜನ್ ಮಿಷಿನ್ ಇಲ್ಲದೆ ಮಲಗುವಂತಿರಲಿಲ್ಲ.

ನಾನು ಗಾಡಿಯ ಮೇಲೆ ಪ್ಯಾನೆಲ್ ಬಿಗಿಯುತ್ತಿದ್ದರೆ ಕೆಳಗಿನಿಂದ ಮತ್ತೆ ಮತ್ತೆ ಕೇಳುತ್ತಿದ್ದರು: "ಬೆಳಿಗ್ಗೆವರೆಗೆ ಮಿಷಿನ್ ನಿಲ್ಲುದಿಲ್ಲ ಅಲ್ವಾ ಮಾರಾಯ್ರೆ?"

"ನಿಲ್ಲುದಿಲ್ಲ ಸಿಸ್ಟರ್."

ಆಗ ನಾಡಿ ನೋಡುವವರಂತೆ ಬ್ಯಾಟರಿಯ ಮೇಲೆ ಎರಡು ಬೆರಳಿಡುತ್ತಿದ್ದರು.

ರಾತ್ರಿಯಿಡೀ ಮಿಷಿನ್ ಓಡಲು ಬೇಕಿದ್ದ ಎರಡನೇ ಬ್ಯಾಟರಿ ಬರುವುದು ತಡವಾಯಿತು. ಬಂದಾಗ ಗಂಡ ತೀರಿಹೋಗಿ ನಾಲ್ಕು ದಿನವಾಗಿತ್ತು. ಕೆಲಸ ನಿಲ್ಲಿಸಲೇ ಎಂದು ಫೋನಿನಲ್ಲಿ ಕೇಳಿದೆ. "ಬೇಡ, ಮುಗಿಸಿ," ಎಂದರು.

ಮುಗಿದ ದಿನ ಮಿಷಿನನ್ನು ತಾವೇ ಹೊತ್ತು ತಂದರು. ಮಂಚದ ಪಕ್ಕ ಇಟ್ಟು ಸ್ವಿಚ್ ಒತ್ತಿದರು. ಅದು ಒಂದೇ ಸಮನೆ ಉಸಿರಾಡತೊಡಗಿತು. ಖಾಲಿ ಹಾಸಿಗೆಯ ಅಂಚಿನಲ್ಲಿ ಕೂತು ಕೇಳುತ್ತಲೇ ಇದ್ದರು. ನಾನು ಹೊರಗೆ ಬಿಸಿಲಿನಲ್ಲಿ ನಿಂತೆ. ಊಟದ ಹೊತ್ತು ಕಳೆದ ಮೇಲೆ ಕರೆದರು.

"ನೀವೇ ಬಂದ್ ಮಾಡಿ ಮಾರಾಯ್ರೆ. ನನ್ನ ಕೈಯಲ್ಲಿ ಆಗುದಿಲ್ಲ."

ಒಳಗೆ ಹೋಗಿ ಸ್ವಿಚ್ ಆರಿಸಿದೆ. ಮಿಷಿನ್ ಸುಮ್ಮನಾದ ಮೇಲೆ ಅವರು ಅತ್ತರು.